ಕಡಲಾಳಕ್ಕೆ ಕ್ಯಾಮೆರಾ ಇಳಿಸಿದ ಕೂಸ್ಟೊ

ಸುಂಕಸಾಳ (ಅಂಕೋಲಾ): ಯಲ್ಲಾಪುರ ಕಳೆದು ಅರಬೈಲ್ ಘಟ್ಟವಿಳಿದು, ರಾಮನಗುಳಿ, ಸುಂಕಸಾಳಗಳ ಮೂಲಕ ಅಂಕೋಲೆ ಸೇರುವ ಹೆದ್ದಾರಿ ಬಯಲುಸೀಮೆಯವರ ಪಾಲಿಗೆ ಕಡಲಿನ ಹೆಬ್ಬಾಗಿಲು. ರಜೆ ಬಂತೆಂದರೆ ಹುಬ್ಬಳ್ಳಿ ಕಡೆಯ ವಾಹನಗಳು ಈ ದಾರಿ ಹಿಡಿದು ಕಾರವಾರ, ಗೋಕರ್ಣ, ಮುರುಡೇಶ್ವರಗಳತ್ತ ಸಾಗುತ್ತವೆ. ಮುರುಡೇಶ್ವರಕ್ಕೆ ಹೋದವರಲ್ಲಿ ಕೆಲವರು ದೋಣಿಯೇರಿ ನೇತ್ರಾಣಿ ದ್ವೀಪ ತಲುಪಿ, ಅಲ್ಲಿನ ತಿಳಿನೀರಿನಲ್ಲಿ ಮುಳುಗಿ ಮೀನುಗಳ ಲೋಕವನ್ನು ಕಂಡು ಬರುತ್ತಾರೆ. ಕೈಯಲ್ಲಿ ಪುಟ್ಟದೊಂದು ಜಲನಿರೋಧಕ ಕ್ಯಾಮೆರಾ, ಇಲ್ಲವೇ ಪ್ಲಾಸ್ಟಿಕ್ ಚೀಲದೊಳಗಿನ ಮೊಬೈಲ್. ಸಾಮಾನ್ಯ ಪ್ರವಾಸಿಗನಿಗೆ ಇಂದು ದಕ್ಕಿರುವ ಈ ಭಾಗ್ಯದ ಹಿಂದೆ ಹಲವರ ದುಡಿಮೆಯಿದೆ. ಅವರಲ್ಲಿ ಎದ್ದು ಕಾಣುವ ಹೆಸರು ಫ್ರಾನ್ಸ್‌ನ ಜಾಕ್ ಈವ್ ಕೂಸ್ಟೊ ಅವರದು.

ಅಪಘಾತ ತೋರಿದ ಹಾದಿ

ಕೂಸ್ಟೊ ಜನಿಸಿದ್ದು 1910ರ ಜೂನ್ 11ರಂದು, ಬೋರ್ಡೊ ನಗರಕ್ಕೆ ಸಮೀಪದ ಸೇಂಟ್ ಆಂಡ್ರೆ ದ ಕ್ಯುಬ್‌ಜಾಕ್ ಎಂಬ ಊರಿನಲ್ಲಿ. ಬಾಲ್ಯದಿಂದಲೂ ಯಂತ್ರಗಳ ಹುಚ್ಚು. ಹದಿಹರೆಯದಲ್ಲಿಯೇ ಹಣ ಕೂಡಿಟ್ಟು ಚಲನಚಿತ್ರ ಕ್ಯಾಮೆರಾ ಕೊಂಡ ಹುಡುಗ ಅವರು. 1930ರಲ್ಲಿ ನೌಕಾ ಅಕಾಡೆಮಿ ಸೇರಿದರು. ಅವರ ಕನಸು ಇದ್ದುದು ನೀರಿನಲ್ಲಲ್ಲ, ಆಕಾಶದಲ್ಲಿ. ನೌಕಾಪಡೆಯ ವಿಮಾನ ಚಾಲಕರಾಗಬೇಕೆಂದು ತರಬೇತಿ ಪಡೆಯುತ್ತಿದ್ದಾಗ, 1936ರಲ್ಲಿ ನಡೆದ ಕಾರು ಅಪಘಾತ ಆ ಕನಸನ್ನು ಮುರಿಯಿತು. ತೋಳುಗಳಿಗೆ ತೀವ್ರ ಪೆಟ್ಟಾಗಿತ್ತು.

ತೋಳಿಗೆ ಬಲ ಬರಲೆಂದು ಮೆಡಿಟರೇನಿಯನ್ ತೀರದ ತುಲೋನ್‌ನಲ್ಲಿ ನಿತ್ಯ ಈಜತೊಡಗಿದರು. ಅಲ್ಲಿ ಸಹೋದ್ಯೋಗಿ ಫಿಲಿಪ್ ತಾಯೆ ಈಜುಗನ್ನಡಕವೊಂದನ್ನು ಕೊಟ್ಟರು. ಅದನ್ನು ಧರಿಸಿ ಮುಖವನ್ನು ನೀರಿಗಿಳಿಸಿದಾಗ ಕಂಡ ಬಂಡೆ, ಪಾಚಿ, ಮೀನುಗಳ ನೋಟ ಅವರ ಬದುಕಿನ ದಿಕ್ಕನ್ನೇ ಬದಲಿಸಿತು. ಮರುವರ್ಷ ಸಿಮೋನ್ ಮೆಲ್ಷಿಯೋರ್ ಅವರೊಂದಿಗೆ ವಿವಾಹವಾಯಿತು. ಈಟಿಯಿಂದ ಮೀನು ಹಿಡಿಯುವುದರಲ್ಲಿ ನಿಪುಣರಾದ ಫ್ರೆಡರಿಕ್ ದ್ಯುಮಾ ಜತೆಗೂಡಿದರು. ತಾಯೆ, ದ್ಯುಮಾ, ಕೂಸ್ಟೊ, ಈ ಮೂವರ ಗೆಳೆತನ ಮುಂದಿನ ಸಾಹಸಗಳಿಗೆ ಬುನಾದಿಯಾಯಿತು.

ಹಳೆಯ ಕ್ಯಾಮೆರಾ, ಜೋಡಿಸಿದ ಫಿಲ್ಮ್

ನೀರಿನೊಳಗೆ ಛಾಯಾಚಿತ್ರ ತೆಗೆದವರಲ್ಲಿ ಕೂಸ್ಟೊ ಮೊದಲಿಗರೇನಲ್ಲ. ಅವರಿಗೂ ಮುನ್ನ, 1893ರಲ್ಲಿಯೇ, ಜೀವವಿಜ್ಞಾನಿ ಲೂಯಿ ಬೂತಾನ್ ಫ್ರಾನ್ಸ್‌ನ ಬಾನ್ಯುಲ್ಸ್ ತೀರದಲ್ಲಿ ಅಂಥ ಚಿತ್ರಗಳನ್ನು ತೆಗೆದಿದ್ದರು. ಆದರೆ ಅದು ಭಾರಿ ಪೆಟ್ಟಿಗೆ, ಮುಳುಗುಗಾರನ ಭಾರವಾದ ಉಡುಪು, ಸಹಾಯಕರ ಪಡೆ ಎಲ್ಲವನ್ನೂ ಬೇಡುವ ಕೆಲಸವಾಗಿತ್ತು.

ಕೂಸ್ಟೊ ಬಳಿ ಅಷ್ಟೆಲ್ಲ ಅನುಕೂಲವಿರಲಿಲ್ಲ. ಎರಡನೇ ಮಹಾಯುದ್ಧದ ಕಾಲ. ಫ್ರಾನ್ಸ್ ಜರ್ಮನ್ನರ ವಶವಾಗಿತ್ತು. ಹಳೆಯದೊಂದು ಕಿನಾಮೋ ಚಲನಚಿತ್ರ ಕ್ಯಾಮೆರಾವನ್ನು ಅಗ್ಗದ ಬೆಲೆಗೆ ಕೊಂಡರು. ಲಿಯೋನ್ ವೆಶ್ ಎಂಬ ಯಂತ್ರಜ್ಞರು ಅದಕ್ಕೊಂದು ನೀರು ನುಗ್ಗದ ಕವಚ ತಯಾರಿಸಿಕೊಟ್ಟರು. ಚಲನಚಿತ್ರದ ಫಿಲ್ಮ್ ಮಾರುಕಟ್ಟೆಯಲ್ಲಿ ಸಿಗುತ್ತಿರಲಿಲ್ಲ. ಹೀಗಾಗಿ ಸ್ಥಿರಚಿತ್ರ ಕ್ಯಾಮೆರಾಗಳಿಗೆಂದು ಮಾರುತ್ತಿದ್ದ ಅದೇ ಅಗಲದ ಚಿಕ್ಕ ಚಿಕ್ಕ ಸುರುಳಿಗಳನ್ನು ಕೊಂಡು ತಂದು, ತುದಿಗೆ ತುದಿ ಅಂಟಿಸಿ ಉದ್ದನೆಯ ಸುರುಳಿ ಮಾಡಿಕೊಂಡರು. ಉಸಿರಾಟದ ಯಂತ್ರವಿಲ್ಲದೆ, ಉಸಿರು ಬಿಗಿಹಿಡಿದು ಮುಳುಗಿ 1942ರಲ್ಲಿ ಚಿತ್ರೀಕರಿಸಿದ ಆ ಮೊದಲ ಕಿರುಚಿತ್ರದ ಹೆಸರು, ಕನ್ನಡದಲ್ಲಿ ಹೇಳುವುದಾದರೆ, ಹದಿನೆಂಟು ಮೀಟರ್ ಆಳದಲ್ಲಿ.

ಉಸಿರಿಗೊಂದು ಯಂತ್ರ

ಉಸಿರು ಬಿಗಿಹಿಡಿದು ನೀರಿನಡಿ ಇರಬಹುದಾದ ಸಮಯ ತೀರ ಕಡಿಮೆ. ಶುದ್ಧ ಆಮ್ಲಜನಕದ ಉಪಕರಣ ಪ್ರಯೋಗಿಸಿ ನೋಡಿದ ಕೂಸ್ಟೊ ನೀರಿನೊಳಗೇ ಸೆಳೆತಕ್ಕೆ ತುತ್ತಾಗಿ ಸಾವಿನ ಅಂಚಿನಿಂದ ಪಾರಾಗಿದ್ದರು. ಆಳಕ್ಕಿಳಿದಂತೆ ಪ್ರತಿ 10 ಮೀಟರಿಗೆ ಸುಮಾರು ಒಂದು ವಾಯುಮಂಡಲದಷ್ಟು ಒತ್ತಡ ಏರುತ್ತದೆ. ಆ ಒತ್ತಡಕ್ಕೆ ಸರಿಹೊಂದುವಂತೆ, ಉಸಿರೆಳೆದಾಗ ಮಾತ್ರ ಗಾಳಿ ಒದಗಿಸುವ ಕವಾಟ ಬೇಕಿತ್ತು. ಸಿಮೋನ್ ಅವರ ತಂದೆ ಏರ್ ಲಿಕ್ವಿಡ್ ಎಂಬ ಅನಿಲ ಕಂಪನಿಯ ಹಿರಿಯ ಅಧಿಕಾರಿ. ಆ ಕಂಪನಿಯ ಎಂಜಿನಿಯರ್ ಎಮಿಲ್ ಗಾನ್ಯಾನ್, ಪೆಟ್ರೋಲ್ ಕೊರತೆಯ ಆ ದಿನಗಳಲ್ಲಿ ಕಾರುಗಳನ್ನು ಅನಿಲದಿಂದ ಓಡಿಸಲು ಕವಾಟವೊಂದನ್ನು ರೂಪಿಸಿದ್ದರು. ಅದನ್ನೇ ಮಾರ್ಪಡಿಸಿ ಇಬ್ಬರೂ ಸೇರಿ 1943ರಲ್ಲಿ ಸಿದ್ಧಪಡಿಸಿದ್ದೇ ಅಕ್ವಾ ಲಂಗ್. ಇಂದು ನೇತ್ರಾಣಿಯಲ್ಲಿ ಮುಳುಗುವವರು ಬೆನ್ನಿಗೆ ಕಟ್ಟಿಕೊಳ್ಳುವ ಸ್ಕೂಬಾ ಸಾಧನ ಆ ಯಂತ್ರದ ವಂಶಕ್ಕೇ ಸೇರಿದ್ದು.

ಯುದ್ಧ ಮುಗಿದ ಬಳಿಕ, 1950ರಲ್ಲಿ, ಬ್ರಿಟನ್‌ನ ಸಿರಿವಂತ ಲೋಯೆಲ್ ಗಿನ್ನೆಸ್ ಹಳೆಯ ಸಿಡಿಗುಂಡು ನಿವಾರಕ ನೌಕೆಯೊಂದನ್ನು ಖರೀದಿಸಿ ವರ್ಷಕ್ಕೆ ಒಂದು ಫ್ರಾಂಕ್ ಬಾಡಿಗೆಗೆ ಕೂಸ್ಟೊಗೆ ಒಪ್ಪಿಸಿದರು. ಅದುವೇ ಕ್ಯಾಲಿಪ್ಸೊ. ಅದನ್ನು ಸಜ್ಜುಗೊಳಿಸಲು ಸಿಮೋನ್ ತಮ್ಮ ಒಡವೆಗಳನ್ನು ಮಾರಿದರು. ಪತಿಗಿಂತ ಹೆಚ್ಚು ಕಾಲ ಆ ಹಡಗಿನಲ್ಲೇ ಬಾಳಿದ ಆಕೆ ಪ್ರಚಾರದಿಂದ ಮಾತ್ರ ದೂರವೇ ಉಳಿದರು.

ಮೌನ ಲೋಕದ ಕಳಂಕ

ಕೂಸ್ಟೊ ಮತ್ತು ಲೂಯಿ ಮಾಲ್ ಜತೆಯಾಗಿ ನಿರ್ದೇಶಿಸಿದ ದಿ ಸೈಲೆಂಟ್ ವರ್ಲ್ಡ್ ಚಿತ್ರ 1956ರ ಕಾನ್ ಉತ್ಸವದಲ್ಲಿ ಅತ್ಯುನ್ನತ ಪ್ರಶಸ್ತಿ ಗಳಿಸಿತು. ಮರುವರ್ಷ ಆಸ್ಕರ್ ಕೂಡ ದೊರೆಯಿತು. ಬಣ್ಣದಲ್ಲಿ ಮೂಡಿದ ಕಡಲಾಳವನ್ನು ಕಂಡು ಜಗತ್ತು ಬೆರಗಾಯಿತು.

ಅದೇ ಚಿತ್ರದಲ್ಲಿ ಇಂದು ನೋಡಲಾಗದ ದೃಶ್ಯಗಳೂ ಇವೆ. ಮೀನುಗಳ ಎಣಿಕೆಗೆಂದು ಹವಳದ ದಿಬ್ಬದಲ್ಲಿ ಡೈನಮೈಟ್ ಸಿಡಿಸಲಾಗಿದೆ. ಹಡಗಿಗೆ ಸಿಕ್ಕಿ ಗಾಯಗೊಂಡ ತಿಮಿಂಗಿಲದ ಮರಿಯನ್ನು ತಿನ್ನಲು ಬಂದ ಶಾರ್ಕ್‌ಗಳನ್ನು ಸಿಬ್ಬಂದಿ ಕೊಚ್ಚಿ ಕೊಂದಿದ್ದಾರೆ. ಚಿತ್ರಕ್ಕಾಗಿ ಕಡಲನ್ನೇ ಘಾಸಿಗೊಳಿಸಿದ ಈ ಕಳಂಕ ಕೂಸ್ಟೊ ಹೆಸರಿನಿಂದ ಅಳಿಯಲಿಲ್ಲ. ಆದರೆ ಅವರು ಅಲ್ಲಿಯೇ ನಿಲ್ಲಲೂ ಇಲ್ಲ. 1960ರಲ್ಲಿ ಪರಮಾಣು ತ್ಯಾಜ್ಯವನ್ನು ಮೆಡಿಟರೇನಿಯನ್‌ಗೆ ಸುರಿಯುವ ಯೋಜನೆಯ ವಿರುದ್ಧ ದನಿಯೆತ್ತಿದರು. ವರ್ಷಗಳು ಕಳೆದಂತೆ ತಾವು ಮೊದಲು ಕಂಡಿದ್ದ ತಾಣಗಳು ಬರಡಾಗುತ್ತಿರುವುದನ್ನು ಗಮನಿಸಿ, ಕಡಲ ರಕ್ಷಣೆಯನ್ನೇ ಬದುಕಿನ ಕಾಯಕವಾಗಿಸಿಕೊಂಡರು. ಅಂಟಾರ್ಕ್ಟಿಕಾದಲ್ಲಿ ಗಣಿಗಾರಿಕೆಗೆ ಅವಕಾಶ ನೀಡಬಾರದೆಂಬ ಅಭಿಯಾನದ ಮುಂಚೂಣಿಯಲ್ಲಿದ್ದರು. ಅದನ್ನು ನಿಷೇಧಿಸುವ ಒಪ್ಪಂದಕ್ಕೆ 1991ರಲ್ಲಿ ಸಹಿ ಬಿತ್ತು.

ಕೊನೆಯ ವರ್ಷಗಳಲ್ಲಿ ನೋವುಗಳು ಸಾಲುಗಟ್ಟಿದವು. ಕಿರಿಯ ಮಗ ಫಿಲಿಪ್ 1979ರಲ್ಲಿ ಲಿಸ್ಬನ್ ಬಳಿ ವಿಮಾನ ದುರಂತದಲ್ಲಿ ಮಡಿದರು. ಸಿಮೋನ್ 1990ರಲ್ಲಿ ತೀರಿಕೊಂಡರು. 1996ರ ಜನವರಿಯಲ್ಲಿ ಸಿಂಗಪುರ ಬಂದರಿನಲ್ಲಿ ಬಾರ್ಜ್ ಡಿಕ್ಕಿಯಾಗಿ ಕ್ಯಾಲಿಪ್ಸೊ ಮುಳುಗಿತು. 1997ರ ಜೂನ್ 25ರಂದು ಪ್ಯಾರಿಸ್‌ನಲ್ಲಿ ಕೂಸ್ಟೊ ಕೊನೆಯುಸಿರೆಳೆದರು. ಆಗ ಅವರಿಗೆ 87 ವರ್ಷ.

ಪ್ರವಾಸಿಗನ ಕೈಗೆ

ಸಾಮಾನ್ಯ ಛಾಯಾಗ್ರಾಹಕರಿಗೆ ಕೂಸ್ಟೊ ಅವರಿಂದ ಸಂದ ನೇರ ಕೊಡುಗೆಯೊಂದಿದೆ. ಬೇರೆ ಕವಚವೇ ಬೇಡದ, ತಾನೇ ನೀರನ್ನು ತಡೆಯುವ ಪುಟ್ಟ ಕ್ಯಾಮೆರಾ ಬೇಕೆಂಬ ಅವರ ಆಶಯಕ್ಕೆ ಬೆಲ್ಜಿಯಂನ ಎಂಜಿನಿಯರ್ ಜಾನ್ ದ ವೌಟರ್ಸ್ ರೂಪ ಕೊಟ್ಟರು. ಕ್ಯಾಲಿಪ್ಸೊ ಹೆಸರಿನಲ್ಲೇ ಬಂದ ಆ 35 ಮಿ.ಮೀ. ಕ್ಯಾಮೆರಾವನ್ನು ಜಪಾನಿನ ನಿಕಾನ್ ಕಂಪನಿ 1963ರಿಂದ ನಿಕೊನೋಸ್ ಎಂಬ ಹೆಸರಿನಲ್ಲಿ ತಯಾರಿಸಿತು. ಸುಮಾರು ನಾಲ್ಕು ದಶಕಗಳ ಕಾಲ ಅದು ಮುಳುಗುಗಾರರ ಸಂಗಾತಿಯಾಗಿತ್ತು.

ಇಂದು ಅದಕ್ಕಿಂತಲೂ ಅಗ್ಗದ ದಾರಿಗಳಿವೆ. ನೀರಿನ ಮೇಲ್ಪದರದಲ್ಲಿ ಈಜುವವರಿಗೆ ಮೊಬೈಲ್ ಚೀಲ ಸಾಕು. ಆದರೆ ಮೊದಲು ಒಳಗೆ ಒಣ ಕಾಗದವಿಟ್ಟು ಬಕೆಟ್ ನೀರಿನಲ್ಲಿ ಮುಳುಗಿಸಿ ಪರೀಕ್ಷಿಸುವುದು ಲೇಸು. ಮೊಬೈಲ್‌ಗಳ ಜಲನಿರೋಧಕ ಶ್ರೇಣಿ ಸಿಹಿನೀರಿನ ಪರೀಕ್ಷೆಯನ್ನು ಆಧರಿಸಿದ್ದು. ಉಪ್ಪುನೀರಿಗೆ ಅದು ಭರವಸೆಯಲ್ಲ. ಆಳಕ್ಕಿಳಿಯುವವರು ಆಕ್ಷನ್ ಕ್ಯಾಮೆರಾವನ್ನು ಕೊಳ್ಳುವ ಬದಲು ಬಾಡಿಗೆಗೆ ಪಡೆಯುವುದು ಮಿತವ್ಯಯ. ನೀರು ಮೊದಲು ನುಂಗುವುದು ಕೆಂಪು ಬಣ್ಣವನ್ನು. ಕೆಲವೇ ಮೀಟರ್ ಆಳದಲ್ಲಿ ಎಲ್ಲವೂ ನೀಲಿಯಾಗುತ್ತದೆ. ಆದ್ದರಿಂದ ವಸ್ತುವಿನ ಸಮೀಪಕ್ಕೆ ಹೋಗಿ, ಸೂರ್ಯನಿಗೆ ಬೆನ್ನು ಮಾಡಿ ಚಿತ್ರ ತೆಗೆಯಬೇಕು. ಮೇಲೆ ಬಂದೊಡನೆ ಕ್ಯಾಮೆರಾವನ್ನು ಸಿಹಿನೀರಿನಲ್ಲಿ ತೊಳೆಯಬೇಕು. ಮಳೆಗಾಲದಲ್ಲಿ ಗಂಗಾವಳಿಯಂಥ ನದಿಗಳು ಘಟ್ಟದ ಕೆಮ್ಮಣ್ಣನ್ನು ಹೊತ್ತು ತರುವಾಗ ಕಡಲೂ ಕದಡಿರುತ್ತದೆ. ಆಗ ಎಷ್ಟೇ ಬೆಲೆಬಾಳುವ ಕ್ಯಾಮೆರಾ ಇದ್ದರೂ ಫಲವಿಲ್ಲ.

ಒಂದು ಚಿತ್ರಕ್ಕಾಗಿ ಹವಳದ ಮೇಲೆ ಕಾಲೂರುವುದು, ಅದನ್ನು ಮುರಿದು ತರುವುದು ಸಲ್ಲದು. ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಡೈನಮೈಟ್ ಸಿಡಿಸಿದ ದಿನಗಳಿಂದ ಕಡಲ ರಕ್ಷಕನಾಗುವವರೆಗೆ ಕೂಸ್ಟೊ ನಡೆದ ದಾರಿ ದೀರ್ಘವಾದುದು. ಅವರು ತಡವಾಗಿ ಕಲಿತ ಆ ಪಾಠವನ್ನು ನೇತ್ರಾಣಿಯ ನೀರಿಗಿಳಿಯುವವರು ದಡದಲ್ಲಿಯೇ ಕಲಿಯಬಹುದು.