ರಕ್ತದ ಲೆಕ್ಕ ಕೇಳಿದ ವಿಲಿಯಂ ಹಾರ್ವೆ

ಇಂಗ್ಲೆಂಡಿನ ಫೋಕ್‌ಸ್ಟನ್‌ನಲ್ಲಿ 1578ರಲ್ಲಿ ಹುಟ್ಟಿದ ವಿಲಿಯಂ ಹಾರ್ವೆ 1602ರಲ್ಲಿ ಇಟಲಿಯ ಪಡುವಾದಲ್ಲಿ ವೈದ್ಯ ಪದವಿ ಪಡೆದರು. ಆಗ ವೈದ್ಯರ ಭಾಷೆ ಲ್ಯಾಟಿನ್. ಹೃದಯದಿಂದ ರಕ್ತ ಒಯ್ಯುವ ನಾಳ ಅಪಧಮನಿ, ಹೃದಯಕ್ಕೆ ತರುವುದು ಅಭಿಧಮನಿ ಎಂದು ಇಂದು ಶಾಲೆಯ ಮಕ್ಕಳಿಗೂ ಗೊತ್ತು. ಅಂದು ಶ್ವಾಸಕೋಶಕ್ಕೆ ಹೋಗುವ ಅಪಧಮನಿಗಿದ್ದ ಹೆಸರು 'ವೇನಾ ಆರ್ಟೀರಿಯೋಸಾ', ಅಂದರೆ ಅಪಧಮನಿಯಂಥ ಅಭಿಧಮನಿ! ಹೃದಯದ ಬಲಕ್ಕಿದ್ದದ್ದೆಲ್ಲ ಅಭಿಧಮನಿ ಎಂಬ ಹಳೆಯ ಲೆಕ್ಕ ಅದು. ಯಕೃತ್ತಿನಲ್ಲಿ ಹುಟ್ಟುವ ರಕ್ತವನ್ನು ಮೈ ಹೀರಿ ಮುಗಿಸುತ್ತದೆ ಎಂದೂ ನಂಬಿದ್ದರು.

ಹಾರ್ವೆ ಗುಣಿಸಿ ನೋಡಿದರು. ಅರ್ಧ ಗಂಟೆಯಲ್ಲಿ ಹೃದಯ ದೂಡುವ ರಕ್ತ ಇಡೀ ಮೈಯಲ್ಲಿರುವುದಕ್ಕಿಂತ ಹೆಚ್ಚು. ಅಷ್ಟು ರಕ್ತ ಯಾವ ಊಟದಿಂದ ಬಂದೀತು? ಅದೇ ರಕ್ತ ಸುತ್ತಿ ಬರಬೇಕು. ತೋಳಿಗೆ ಪಟ್ಟಿ ಬಿಗಿದು, ಉಬ್ಬಿದ ನಾಳವನ್ನು ಬೆರಳಿನಿಂದ ಒತ್ತಿ, ಅದರೊಳಗಿನ ಕವಾಟಗಳು ರಕ್ತವನ್ನು ಹೃದಯದ ಕಡೆಗಷ್ಟೇ ಬಿಡುವುದನ್ನು ತೋರಿಸಿದರು. 1628ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ಅಚ್ಚಾದ ಅವರ ಲ್ಯಾಟಿನ್ ಪುಸ್ತಕದಲ್ಲಿ ವಿಚಾರ ಹೊಸದು, ನಾಳಗಳ ಹೆಸರು ಮಾತ್ರ ಹಳೆಯವೇ. ಪುಸ್ತಕ ಬಂದ ಮೇಲೆ ರೋಗಿಗಳು ಕಡಿಮೆಯಾದರಂತೆ. ರಾಜವೈದ್ಯರಿಗೇ ಈ ಪಾಡು.

ರಕ್ತ ಅಪಧಮನಿಯಿಂದ ಅಭಿಧಮನಿಗೆ ದಾಟುವ ಜಾಗ ಅವರ ಕಣ್ಣಿಗೆ ಬೀಳಲೇ ಇಲ್ಲ. 1657ರಲ್ಲಿ ತೀರಿಕೊಂಡರು. ನಾಲ್ಕು ವರ್ಷದ ನಂತರ, 1661ರಲ್ಲಿ, ಇಟಲಿಯ ಮಾಲ್ಪಿಘಿ ಸೂಕ್ಷ್ಮದರ್ಶಕದಲ್ಲಿ ಕಪ್ಪೆಯ ಶ್ವಾಸಕೋಶ ನೋಡಿ ಆ ಸಣ್ಣ ನಾಳಗಳನ್ನು ಕಂಡರು. ಲ್ಯಾಟಿನ್ನಿನಲ್ಲಿ ಕೂದಲಿಗೆ 'ಕ್ಯಾಪಿಲಸ್', ಅದರಿಂದ ಕ್ಯಾಪಿಲರಿ. ಕನ್ನಡ ಪಠ್ಯದ ಲೋಮನಾಳದಲ್ಲೂ ಇರುವುದು ಅದೇ ಕೂದಲು.