ರೊನಾಲ್ಡ್ ರಾಸ್ ಮತ್ತು ನಮ್ಮ ಮನೆಯ ಡ್ರಮ್

ಹೋದ ಮಳೆಗಾಲದಲ್ಲಿ ಔರಾದಿನ ನಮ್ಮ ಮನೆಯಲ್ಲಿ ತಮ್ಮನಿಗೆ ಚಳಿಜ್ವರ ಬಂತು. ಬೆರಳಿನ ಒಂದು ಹನಿ ರಕ್ತ ಪರೀಕ್ಷಿಸಿ ಮಲೇರಿಯಾ ಎಂದರು, ಮಾತ್ರೆಯಿಂದ ಗುಣವಾದ. ಆ ಮೇಲೆ ನಾನು ಡಾ. ರೊನಾಲ್ಡ್ ರಾಸ್ ಅವರ ಬಗ್ಗೆ ಓದಿದೆ.

1857ರಲ್ಲಿ ಅಲ್ಮೋರಾದಲ್ಲಿ ಹುಟ್ಟಿದ ಈ ಸೇನಾ ವೈದ್ಯರು ಬೆಂಗಳೂರಿನಲ್ಲಿದ್ದಾಗ ಮನೆ ಮುಂದಿನ ಪೀಪಾಯಿಯ ನೀರು ಚೆಲ್ಲಿಸಿ ಸೊಳ್ಳೆ ಕಡಿಮೆ ಮಾಡಿದ್ದರು. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾದ ಪರಾವಲಂಬಿಯನ್ನು ಕಂಡರು. ನಮ್ಮ ಬೀದರ್ ಆಗ ಹೈದರಾಬಾದ್ ಸಂಸ್ಥಾನದಲ್ಲೇ ಇತ್ತು. ಆ ಸೊಳ್ಳೆಗಳಿಗೆ ಮೈಯೊಡ್ಡಿದ ರೋಗಿ ಹುಸೇನ್ ಖಾನ್. ಸಿಕ್ಕಿದ್ದು ಸೊಳ್ಳೆಗೊಂದು ಆಣೆ. ರಾಸ್ ಅವರಿಗೆ 1902ರಲ್ಲಿ ನೊಬೆಲ್ ಬಂತು, 1932ರಲ್ಲಿ ತೀರಿಕೊಂಡರು.

ವಿಶ್ವ ಆರೋಗ್ಯ ಸಂಸ್ಥೆ 2021 ಮತ್ತು 2023ರಲ್ಲಿ ಮಕ್ಕಳಿಗೆ ಎರಡು ಮಲೇರಿಯಾ ಲಸಿಕೆಗಳನ್ನು ಶಿಫಾರಸು ಮಾಡಿದೆ. ಲಸಿಕೆಯ ಸುದ್ದಿ ಓದುವಾಗ ನನಗೆ ಹುಸೇನ್ ಖಾನರೂ ನೆನಪಾಗುತ್ತಾರೆ. ಮನೆಯ ನೀರಿನ ಡ್ರಮ್ಮನ್ನು ಈಗ ಪ್ರತಿ ಶುಕ್ರವಾರ ನಾನೇ ಬರಿದು ಮಾಡಿ ತಿಕ್ಕುತ್ತೇನೆ.