ನಮ್ಮ ಅರ್ಕಾವತಿಯೂ ಸರ್ ಎಂ.ವಿ.ಯವರೂ

ಸೆಪ್ಟೆಂಬರ್ 15 ಬಂತೆಂದರೆ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಮೈಸೂರು ಪೇಟ ತೊಟ್ಟ ಆ ಭಾವಚಿತ್ರಕ್ಕೆ ಹಾರ ಬೀಳುತ್ತದೆ. ಭಾಷಣಗಳಲ್ಲಿ ಕನ್ನಂಬಾಡಿ ಕಟ್ಟೆ ಬರುತ್ತದೆ, ಭದ್ರಾವತಿ ಕಾರ್ಖಾನೆ ಬರುತ್ತದೆ, ಸಮಯಪಾಲನೆಯ ಕಥೆಗಳು ಬರುತ್ತವೆ. ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲಿ ಬೆಳೆದು ಸಿವಿಲ್ ಎಂಜಿನಿಯರಿಂಗ್ ಓದುತ್ತಿರುವ ನನಗೆ ಸರ್ ಎಂ. ವಿಶ್ವೇಶ್ವರಯ್ಯನವರ ಬದುಕಿನ ಬೇರೊಂದು ಭಾಗ ಹೆಚ್ಚು ಹತ್ತಿರ. ಅದು ಕುಡಿಯುವ ನೀರಿನದು ಮತ್ತು ಚರಂಡಿಯದು. ಇವೆರಡರ ಬಗ್ಗೆ ವೇದಿಕೆಯ ಮೇಲೆ ಯಾರೂ ಹೆಚ್ಚು ಮಾತಾಡುವುದಿಲ್ಲ.

ಅವರು ಹುಟ್ಟಿದ್ದು 1861ರಲ್ಲಿ, ಮುದ್ದೇನಹಳ್ಳಿಯಲ್ಲಿ. ನಂದಿ ಬೆಟ್ಟದ ಆ ಮಗ್ಗುಲಿಗೆ ಅವರ ಊರು, ಈ ಮಗ್ಗುಲಿಗೆ ನಮ್ಮ ತಾಲ್ಲೂಕು. ಅದೇ ಬೆಟ್ಟಸಾಲಿನಲ್ಲಿ ಹುಟ್ಟುವ ಅರ್ಕಾವತಿ ನಮ್ಮ ಕಡೆಯ ಕೆರೆಗಳನ್ನು ಒಂದೊಂದಾಗಿ ತುಂಬಿಸುತ್ತಾ ಹೆಸರಘಟ್ಟಕ್ಕೆ, ಅಲ್ಲಿಂದ ತಿಪ್ಪಗೊಂಡನಹಳ್ಳಿಗೆ ಇಳಿಯುತ್ತದೆ. ತಂದೆ ಶ್ರೀನಿವಾಸಶಾಸ್ತ್ರಿಗಳು ಬೇಗ ತೀರಿಕೊಂಡರು. ಚಿಕ್ಕಬಳ್ಳಾಪುರದಲ್ಲಿ ಶಾಲೆ ಓದಿದ ಹುಡುಗ ಬೆಂಗಳೂರಿಗೆ ಬಂದು, ಮಕ್ಕಳಿಗೆ ಮನೆಪಾಠ ಹೇಳಿ ಸಂಪಾದಿಸಿಕೊಂಡು ಸೆಂಟ್ರಲ್ ಕಾಲೇಜಿನಲ್ಲಿ 1881ರಲ್ಲಿ ಬಿ.ಎ. ಮುಗಿಸಿದರು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಪುಣೆಯಲ್ಲಿ ಎಂಜಿನಿಯರಿಂಗ್ ಓದಿ, 1884ರಲ್ಲಿ ಬೊಂಬಾಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಎಂಜಿನಿಯರ್ ಆಗಿ ಸೇರಿದರು.

ಅಲ್ಲಿಂದ ಹತ್ತು ವರ್ಷಕ್ಕೆ ಬಂದ ಸಿಂಧ್ ಪ್ರಾಂತ್ಯದ ಸುಕ್ಕೂರಿನ ಕೆಲಸ ನನಗೆ ತುಂಬಾ ಇಷ್ಟ. ಸಿಂಧೂ ನದಿಯ ದಡದಲ್ಲೇ ಇದ್ದ ಊರು ಅದು. ನೀರಿಗೆ ಬರವಿರಲಿಲ್ಲ, ಆದರೆ ನದಿಯ ನೀರು ಕೆಸರು ಬಣ್ಣದ್ದು. ಶೋಧಕ ಹಾಸುಗಳನ್ನು ಕಟ್ಟಿ ನೀರು ಸೋಸುವಷ್ಟು ಹಣ ಅಲ್ಲಿನ ಪುರಸಭೆಯ ಬಳಿ ಇರಲಿಲ್ಲ. ವಿಶ್ವೇಶ್ವರಯ್ಯನವರು ನದಿಯ ಪಾತ್ರದಲ್ಲಿಯೇ ಬಾವಿ ತೋಡಿಸಿದರು. ನದಿಯ ನೀರು ಮರಳಿನ ಮೂಲಕ ಇಳಿದು ತಿಳಿಯಾಗಿ ಬಾವಿಗೆ ಸೇರುವಂತಾಯಿತು. ಅದನ್ನು ಪಂಪಿನಿಂದ ಗುಡ್ಡದ ಮೇಲಕ್ಕೆ ಎತ್ತಿ ಊರಿಗೆ ಬಿಡಲಾಯಿತು. ನಮ್ಮ ಅಜ್ಜಿಯರು ಬೇಸಿಗೆಯಲ್ಲಿ ಹೊಳೆಯ ಮರಳು ಬಗೆದು ಒರತೆ ತೆಗೆದು, ತಿಳಿನೀರು ತುಂಬಿಸಿಕೊಳ್ಳುತ್ತಿದ್ದರಲ್ಲ, ಅದೇ ತತ್ವ. ಅದನ್ನು ಒಂದು ಇಡೀ ಪಟ್ಟಣಕ್ಕೆ ಸಾಲುವಂತೆ ಮಾಡಿದ್ದು ಎಂಜಿನಿಯರಿಂಗ್.

ಆಮೇಲೆ ಸೂರತ್, ಪುಣೆ. ಪುಣೆಯ ಬಳಿ ಖಡಕ್‌ವಾಸ್ಲಾ ಅಣೆಕಟ್ಟೆಗೆ ಅವರು ರೂಪಿಸಿದ ಸ್ವಯಂಚಾಲಿತ ಗೇಟುಗಳ ವಿಷಯ ಪಠ್ಯಪುಸ್ತಕದಲ್ಲೇ ಇದೆ. ಅವರು ಬೊಂಬಾಯಿ ಪ್ರಾಂತ್ಯದ ಸ್ಯಾನಿಟರಿ ಎಂಜಿನಿಯರ್ ಆಗಿಯೂ ದುಡಿದರು ಎಂಬುದು ಅಷ್ಟಾಗಿ ಗೊತ್ತಿಲ್ಲ. ಊರಿಂದೂರಿಗೆ ಹೋಗಿ ಎಲ್ಲಿಂದ ನೀರು ತರಬೇಕು, ಬಳಸಿದ ನೀರನ್ನು ಎಲ್ಲಿಗೆ ಕಳಿಸಬೇಕು ಎಂದು ಯೋಜನೆ ಹಾಕುವುದು ಆ ಹುದ್ದೆಯ ಕೆಲಸ. 1906ರಲ್ಲಿ ಸರ್ಕಾರ ಅವರನ್ನು ಸಮುದ್ರದಾಚೆಯ ಏಡನ್‌ಗೆ ಕಳಿಸಿತು. ಮಳೆಯೇ ಅಪರೂಪವಾದ ಆ ಬಂದರಿಗೆ ಸುಮಾರು 30 ಕಿಲೋಮೀಟರ್ ದೂರದ ಲಾಹೆಜ್ ಕಡೆಯ ಒಣ ಹೊಳೆಯ ಪಾತ್ರದಿಂದ ನೀರು ತರುವ ಯೋಜನೆಯನ್ನು ಅವರು ಕೊಟ್ಟರು. ಊರಿನ ಚರಂಡಿ ವ್ಯವಸ್ಥೆ ಹೇಗಿರಬೇಕೆಂಬುದನ್ನೂ ಜೊತೆಯಲ್ಲೇ ಬರೆದರು.

1908ರ ಸೆಪ್ಟೆಂಬರ್‌ನಲ್ಲಿ ಹೈದರಾಬಾದಿನ ಮೂಸಿ ನದಿ ಉಕ್ಕಿ ಸಾವಿರಾರು ಜನ ಸತ್ತರು. ಆಗಷ್ಟೇ ಬೊಂಬಾಯಿ ಸೇವೆಯಿಂದ ಹೊರಬಂದಿದ್ದ ವಿಶ್ವೇಶ್ವರಯ್ಯನವರನ್ನು ನಿಜಾಮರ ಸರ್ಕಾರ ಕರೆಸಿಕೊಂಡಿತು. ನಗರದ ಮೇಲ್ಭಾಗದಲ್ಲಿ ಎರಡು ಜಲಾಶಯ ಕಟ್ಟಿ ಪ್ರವಾಹ ತಡೆಯಬೇಕೆಂಬುದು ಅವರ ಸಲಹೆ. ಮುಂದೆ ಕಟ್ಟಿದ ಉಸ್ಮಾನ್ ಸಾಗರ ಮತ್ತು ಹಿಮಾಯತ್ ಸಾಗರ ದಶಕಗಳ ಕಾಲ ಆ ನಗರಕ್ಕೆ ಕುಡಿಯುವ ನೀರನ್ನೂ ಕೊಟ್ಟವು. ಅವರ ವರದಿ ಅಷ್ಟಕ್ಕೇ ನಿಲ್ಲಲಿಲ್ಲ. ಹೈದರಾಬಾದಿನ ಒಳಚರಂಡಿಯ ಯೋಜನೆಯನ್ನೂ ಅವರೇ ಹಾಕಿಕೊಟ್ಟರು.

ಸುಕ್ಕೂರು, ಏಡನ್, ಹೈದರಾಬಾದನ್ನು ಒಟ್ಟಿಗೆ ಇಟ್ಟು ನೋಡಿದಾಗ ನನಗೆ ಕಂಡದ್ದು ಇಷ್ಟು. ನೀರು ತರುವುದು, ತಂದ ನೀರು ತಿಳಿಯಾಗಿರುವಂತೆ ನೋಡುವುದು, ಕೊಳೆಯಾದ ನೀರನ್ನು ಸರಿಯಾದ ಜಾಗಕ್ಕೆ ಕಳಿಸುವುದು ಅವರ ಕೆಲಸದಲ್ಲಿ ಬೇರೆ ಬೇರೆ ಇಲಾಖೆಗಳಾಗಿರಲಿಲ್ಲ. ಅದು ಒಂದೇ ಲೆಕ್ಕದ ಜಮೆ ಮತ್ತು ಖರ್ಚಾಗಿತ್ತು.

1909ರಲ್ಲಿ ಅವರು ಮೈಸೂರಿನ ಮುಖ್ಯ ಎಂಜಿನಿಯರ್ ಆದರು, 1912ರಿಂದ 1918ರವರೆಗೆ ದಿವಾನರಾಗಿದ್ದರು. ಕನ್ನಂಬಾಡಿ ಕಟ್ಟೆ, ಮೈಸೂರು ಬ್ಯಾಂಕು, ಮೈಸೂರು ವಿಶ್ವವಿದ್ಯಾಲಯ, ಸಾಬೂನು ಕಾರ್ಖಾನೆ ಎಲ್ಲವೂ ಆ ಕಾಲದ ಫಲ. ದೇಶಕ್ಕೆ ಕೈಗಾರಿಕೆ ಬೇಕೇ ಬೇಕು ಎಂದು ಅವರಷ್ಟು ಗಟ್ಟಿಯಾಗಿ ನಂಬಿದವರು ಆಗ ಕಡಿಮೆ. ಆದ್ದರಿಂದ ಅವರ ಹೆಸರು ಹಿಡಿದು ಕಾರ್ಖಾನೆಗಳೇ ಬೇಡ ಎನ್ನುವ ವಾದ ನನ್ನದಲ್ಲ. ನಮ್ಮ ದೊಡ್ಡಬಳ್ಳಾಪುರ ಮಗ್ಗದ ಊರು. ಮಗ್ಗ ನಿಂತರೆ ಒಲೆ ಉರಿಯದ ಮನೆಗಳು ಇಲ್ಲಿ ಸಾಕಷ್ಟಿವೆ. ಬಾಶೆಟ್ಟಿಹಳ್ಳಿ ಕೈಗಾರಿಕಾ ಪ್ರದೇಶದ ಬಸ್ಸು ಹತ್ತಿ ಪಾಳಿ ಕೆಲಸಕ್ಕೆ ಹೋಗುವ ಅಕ್ಕಂದಿರು ಪ್ರತಿ ಹಳ್ಳಿಯಲ್ಲೂ ಇದ್ದಾರೆ.

ದಿವಾನಗಿರಿ ಬಿಟ್ಟ ಮೇಲೆ ಅವರು ಮತ್ತೆ ನಮ್ಮ ನದಿಯ ಬಳಿಗೆ ಬಂದರು. ಬೆಂಗಳೂರಿಗೆ 1890ರ ದಶಕದಿಂದ ಹೆಸರಘಟ್ಟದ ನೀರು ಬರುತ್ತಿತ್ತು. ಊರು ಬೆಳೆದು ಅದು ಸಾಲದಾಯಿತು. ಹೊಸ ಮೂಲ ಹುಡುಕಲು 1920ರ ದಶಕದಲ್ಲಿ ಸರ್ಕಾರ ರಚಿಸಿದ ಸಮಿತಿಗೆ ವಿಶ್ವೇಶ್ವರಯ್ಯನವರೇ ಅಧ್ಯಕ್ಷರು. ಅರ್ಕಾವತಿಗೆ, ಶಿವಗಂಗೆ ಕಡೆಯಿಂದ ನೆಲಮಂಗಲ ತಾಲ್ಲೂಕನ್ನು ಹಾದು ಬರುವ ಕುಮುದ್ವತಿ ಸೇರುವಲ್ಲಿ ಜಲಾಶಯ ಕಟ್ಟಬೇಕೆಂದು ಆ ಸಮಿತಿ ಹೇಳಿತು. 1933ರಲ್ಲಿ ತಿಪ್ಪಗೊಂಡನಹಳ್ಳಿಯಲ್ಲಿ ಚಾಮರಾಜಸಾಗರ ಸಿದ್ಧವಾಯಿತು. ಕಾವೇರಿ ನೀರು ಬರುವ ತನಕ ಬೆಂಗಳೂರು ಕುಡಿದದ್ದು ಬಹುಪಾಲು ನಮ್ಮ ಬೆಟ್ಟಗಳ ಮಳೆಯನ್ನೇ.

1955ರಲ್ಲಿ ಭಾರತರತ್ನ ಪಡೆದ ಅವರು 1962ರಲ್ಲಿ ನೂರು ದಾಟಿದ ವಯಸ್ಸಿನಲ್ಲಿ ತೀರಿಕೊಂಡಾಗ ದೇಶದಲ್ಲಿ ಜಲಮಾಲಿನ್ಯದ ಕಾನೂನು ಇರಲಿಲ್ಲ. ಅದು ಬಂದದ್ದು 1974ರಲ್ಲಿ. ಅದೇ ವರ್ಷ ನಮ್ಮ ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿಯೂ ಹುಟ್ಟಿತು. ಕೊಳೆನೀರು ಹೊರಬಿಡುವ ಕಾರ್ಖಾನೆ ಕಟ್ಟಲು ಒಮ್ಮೆ, ನಡೆಸಲು ಇನ್ನೊಮ್ಮೆ ಮಂಡಳಿಯ ಸಮ್ಮತಿ ಪಡೆಯಬೇಕು. ಮಂಡಳಿಯು ನದಿ, ಕೆರೆಗಳ ನೀರು ಪರೀಕ್ಷಿಸಿ ಎ ಯಿಂದ ಇ ವರೆಗೆ ದರ್ಜೆ ಕೊಡುತ್ತದೆ. ಸಿ ದರ್ಜೆಯ ನೀರನ್ನು ಶುದ್ಧೀಕರಿಸಿ ಕುಡಿಯಬಹುದು, ಇ ದರ್ಜೆಯದು ವ್ಯವಸಾಯದಂಥ ಬಳಕೆಗೆ ಮಾತ್ರ.

ಈ ಲೆಕ್ಕದಲ್ಲಿ ಒಂದು ಸೂಕ್ಷ್ಮವಿದೆ. ನೀರಿನಲ್ಲಿರುವ ಕೊಳೆಯನ್ನು ತಿನ್ನಲು ಸೂಕ್ಷ್ಮಜೀವಿಗಳಿಗೆ ಎಷ್ಟು ಆಮ್ಲಜನಕ ಬೇಕು ಎಂಬ ಅಳತೆಗೆ ಬಿಒಡಿ ಎನ್ನುತ್ತಾರೆ. ಸಿ ದರ್ಜೆಯ ನೀರಿನಲ್ಲಿ ಅದು ಲೀಟರಿಗೆ 3 ಮಿಲಿಗ್ರಾಂ ಮೀರಬಾರದು. ಆದರೆ ಹೊಳೆಗೆ ಬಿಡುವ ಕಾರ್ಖಾನೆಯ ನೀರಿಗೆ ಸಾಮಾನ್ಯ ಮಿತಿ 30. ಹೊಳೆಯ ಶುದ್ಧ ನೀರು ಬೆರೆತು ಕೊಳೆ ತೆಳುವಾಗುತ್ತದೆ ಎಂಬುದು ಈ ಎರಡು ಅಂಕಿಗಳ ನಡುವಿನ ನಂಬಿಕೆ. ವರ್ಷದ ಬಹುಪಾಲು ಒಣಗಿಯೇ ಇರುವ ಅರ್ಕಾವತಿಯಲ್ಲಿ ಬೆರೆಯಲು ನೀರೆಲ್ಲಿದೆ? ನಿಯಮ ಪಾಲಿಸಿದವರ ನೀರೂ ಇಲ್ಲಿ ಹೊಳೆಗೆ ಭಾರವೇ. ಪಾಲಿಸದವರದು ಹೇಳುವುದೇ ಬೇಡ. ಪಟ್ಟಣದ ಒಳಚರಂಡಿ ನೀರು, ಕೈಗಾರಿಕಾ ಪ್ರದೇಶದ ನೀರು ಸೇರಿ ಚಿಕ್ಕತುಮಕೂರು, ದೊಡ್ಡತುಮಕೂರು ಕೆರೆಗಳು ಕೆಟ್ಟಿವೆ, ಕೊಳವೆಬಾವಿಗಳ ನೀರೂ ಕುಡಿಯುವಂತಿಲ್ಲ ಎಂದು ಆ ಭಾಗದ ಜನ ವರ್ಷಗಳಿಂದ ಹೋರಾಡುತ್ತಿದ್ದಾರೆ.

ತಿಪ್ಪಗೊಂಡನಹಳ್ಳಿಯನ್ನು ಉಳಿಸಲು ಸರ್ಕಾರ 2003ರ ನವೆಂಬರ್‌ನಲ್ಲಿ ಅಧಿಸೂಚನೆ ಹೊರಡಿಸಿತು. ಜಲಾನಯನ ಪ್ರದೇಶವನ್ನು ನಾಲ್ಕು ವಲಯಗಳಾಗಿ ವಿಂಗಡಿಸಿ, ಜಲಾಶಯದ ಸುತ್ತ ಮತ್ತು ನದಿಗಳ ದಡದಲ್ಲಿ ಕಟ್ಟಡ, ಕಾರ್ಖಾನೆಗಳಿಗೆ ಕಟ್ಟುನಿಟ್ಟು ವಿಧಿಸಿತು. 2012ರ ಹೊತ್ತಿಗೆ ಆ ಜಲಾಶಯದಿಂದ ಬೆಂಗಳೂರಿಗೆ ನೀರೆತ್ತುವುದೇ ನಿಂತಿತು. 2019ರಲ್ಲಿ ವಲಯಗಳ ನಿಯಮವನ್ನು ಸಡಿಲಿಸಲಾಯಿತು. ಹೈದರಾಬಾದಿನ ಕಥೆಯೂ ಇದಕ್ಕೆ ಅವಳಿ. ಅವರ ಎರಡು ಜಲಾಶಯಗಳ ಸುತ್ತ 10 ಕಿಲೋಮೀಟರ್ ವರೆಗೆ ಮಾಲಿನ್ಯಕಾರಕ ಕೈಗಾರಿಕೆಗಳನ್ನು ನಿಷೇಧಿಸಿ 1996ರಲ್ಲಿ ಬಂದ ಆದೇಶವನ್ನು 2022ರಲ್ಲಿ ಅಲ್ಲಿನ ಸರ್ಕಾರ ಸಡಿಲಿಸಿತು. ನೀರಿಗೆ ಬೇರೆ ಮೂಲ ಸಿಕ್ಕಿದ ಕೂಡಲೇ ಹಳೆಯ ಮೂಲದ ಮೇಲಿನ ಕಾವಲು ಸಡಿಲವಾಗುತ್ತದೆ.

ಈಗ ಎತ್ತಿನಹೊಳೆಯ ನೀರನ್ನು ತಿಪ್ಪಗೊಂಡನಹಳ್ಳಿಗೆ ತರುವ ಯೋಜನೆ ನಡೆದಿದೆ. ಪಶ್ಚಿಮ ಘಟ್ಟದಿಂದ ಎತ್ತಿ ತಂದ ನೀರನ್ನು ತೊಳೆಯದ ಕೊಡಕ್ಕೆ ತುಂಬಿಸಿದರೆ ಏನು ಬಂತು? ಒಂದು ಕೈಯಲ್ಲಿ ಸಾವಿರಾರು ಕೋಟಿ ಸುರಿದು ನೀರು ತರುವ ನಾವು ಇನ್ನೊಂದು ಕೈಯಲ್ಲಿ ಕೊಳೆಯ ಲೆಕ್ಕ ಬರೆಯುವುದನ್ನು ಮರೆತಿದ್ದೇವೆ. ವಿಶ್ವೇಶ್ವರಯ್ಯನವರ ಅರ್ಧ ಕೆಲಸವನ್ನಷ್ಟೇ ನಾವು ಕಲಿತಂತಾಯಿತು.

ದೊಡ್ಡ ಮಾತು ಬೇಡ. ಅರ್ಕಾವತಿ ಸರಣಿಯ ಪ್ರತಿ ಕೆರೆಯ ನೀರನ್ನೂ ತಿಂಗಳಿಗೊಮ್ಮೆ ಪರೀಕ್ಷಿಸಲಿ. ಬಂದ ಅಂಕಿಯನ್ನು ಆಯಾ ಗ್ರಾಮ ಪಂಚಾಯಿತಿಯ ಫಲಕದ ಮೇಲೆ ಕನ್ನಡದಲ್ಲಿ ಬರೆಯಲಿ. ಈ ಕೆರೆ ಯಾವ ದರ್ಜೆ, ಹೋದ ತಿಂಗಳು ಏನಿತ್ತು, ಕೆಟ್ಟಿದ್ದರೆ ಯಾರನ್ನು ಕೇಳಬೇಕು ಎಂಬ ಮೂರು ಸಾಲು ಸಾಕು. ನಮ್ಮಂಥ ಕಾಲೇಜುಗಳ ಪ್ರಯೋಗಾಲಯದಲ್ಲಿ ಬಿಒಡಿ ಪರೀಕ್ಷೆಯನ್ನು ಹೇಗೂ ಪ್ರತಿ ವರ್ಷ ಅಂಕಕ್ಕಾಗಿ ಮಾಡುತ್ತೇವೆ. ಅದಕ್ಕೆ ನಲ್ಲಿಯ ನೀರಿನ ಬದಲು ಕೆರೆಯ ನೀರು ತಂದುಕೊಡಲು ನನ್ನಂಥ ಹತ್ತು ಮಂದಿ ಸಿದ್ಧರಿದ್ದೇವೆ. ಕೇಳುವವರು ಬೇಕು, ಅಷ್ಟೇ.